ಮಗುವಿನ ತಲೆ ಇನ್ನೂ ಕೆಳಗೆ ಬಂದಿಲ್ಲವೇ? 28ನೇ ವಾರದಿಂದ ಹೆರಿಗೆಯವರೆಗೆ ಮಾಡಬೇಕಾದದ್ದು

ಸ್ಕ್ಯಾನ್ ರಿಪೋರ್ಟಿನಲ್ಲಿ ‘ಬ್ರೀಚ್’ (ಮಗುವಿನ ತಲೆ ಮೇಲೆ, ಕುಂಡೆ ಅಥವಾ ಕಾಲು ಕೆಳಗೆ) ಎಂದು ಕಂಡ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಹಾಗಾದ್ರೆ ಆಪರೇಷನ್ನೇ ಗತೀನಾ?’ ಎಂಬುದು. ಎಷ್ಟೋ ಸಲ ಉತ್ತರವಾಗಿ ನೇರ ಸಿಸೇರಿಯನ್ ದಿನಾಂಕವೇ ಕೈಗೆ ಬರುತ್ತದೆ. ಆದರೆ ರಿಪೋರ್ಟಿಗೂ ಆಪರೇಷನ್ನಿಗೂ ನಡುವೆ ಇನ್ನೊಂದು ಹೆಜ್ಜೆ ಇದೆ. 36–37ನೇ ವಾರದ ಸುಮಾರಿಗೆ ಡಾಕ್ಟರು ಹೊಟ್ಟೆಯ ಮೇಲಿನಿಂದಲೇ ಮಗುವನ್ನು ತಿರುಗಿಸಲು ಪ್ರಯತ್ನಿಸಬಹುದು. ಅದಕ್ಕೆ ಸಿಗುವ ಕಾಲ ಬಹಳ ಚಿಕ್ಕದು. ಕೇಳುವವರು ಆ ವಾರಕ್ಕೆ ಮೊದಲೇ ಕೇಳಿರಬೇಕು.

ಹಾಗೆಂದು 28ನೇ ವಾರಕ್ಕೇ ಗಾಬರಿಯಾಗಬೇಕಿಲ್ಲ. ಆ ಹೊತ್ತಿಗೆ ಸುಮಾರು ನಾಲ್ಕೈದು ಮಕ್ಕಳಲ್ಲಿ ಒಂದು ಮಗು ತಲೆ ಮೇಲೆ ಮಾಡಿಕೊಂಡೇ ಇರುತ್ತದೆ. ದಿನ ತುಂಬುವ ಹೊತ್ತಿಗೆ ಹಾಗೆ ಉಳಿಯುವುದು ನೂರಕ್ಕೆ ಮೂರೋ ನಾಲ್ಕೋ ಮಾತ್ರ. ಉಳಿದವು ತಾವಾಗಿಯೇ ತಿರುಗಿಕೊಳ್ಳುತ್ತವೆ.

ಮೊದಲು ರಿಪೋರ್ಟ್ ಸರಿಯಾಗಿ ಓದಿ

‘ಮಗು ಉಲ್ಟಾ ಇದೆ’ ಎಂದರೆ ಸಾಲದು. ಹೇಗೆ ಉಲ್ಟಾ ಇದೆ ಎಂಬುದೇ ಮುಖ್ಯ.

ಫ್ರ್ಯಾಂಕ್ ಬ್ರೀಚ್ ಎಂದರೆ ಮಗುವಿನ ಕುಂಡೆ ಕೆಳಗಿದ್ದು, ಎರಡೂ ಕಾಲು ನೇರವಾಗಿ ಮೇಲೆ ಚಾಚಿ ಪಾದಗಳು ಮುಖದ ಹತ್ತಿರ ಇರುತ್ತವೆ. ದಿನ ತುಂಬಿದವರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕಂಪ್ಲೀಟ್ ಬ್ರೀಚ್ ಎಂದರೆ ಮಗು ಚಕ್ಕಳಮಕ್ಕಳ ಹಾಕಿ ಕೂತಂತೆ ಮೊಣಕಾಲು ಮಡಚಿಕೊಂಡಿರುತ್ತದೆ. ಫುಟ್ಲಿಂಗ್ ಎಂದರೆ ಒಂದು ಅಥವಾ ಎರಡೂ ಪಾದ ಕುಂಡೆಗಿಂತ ಕೆಳಗಿರುತ್ತವೆ. ಟ್ರಾನ್ಸ್‌ವರ್ಸ್ ಎಂದರೆ ಮಗು ಪೂರ್ತಿ ಅಡ್ಡ ಮಲಗಿದೆ. ಆಬ್ಲಿಕ್ ಎಂದರೆ ಓರೆಯಾಗಿದೆ. ‘ಅನ್‌ಸ್ಟೇಬಲ್ ಲೈ’ ಎಂದು ಬರೆದಿದ್ದರೆ ಮಗು ಒಂದೊಂದು ಸಲ ಒಂದೊಂದು ಭಂಗಿಯಲ್ಲಿ ಸಿಗುತ್ತಿದೆ ಎಂದರ್ಥ.

ಈ ವ್ಯತ್ಯಾಸ ಬರೀ ಹೆಸರಿನದ್ದಲ್ಲ. ಫ್ರ್ಯಾಂಕ್ ಬ್ರೀಚಿನಲ್ಲಿ ಕುಂಡೆ ಗರ್ಭಕೋಶದ ಬಾಯನ್ನು ಹೆಚ್ಚುಕಡಿಮೆ ತಲೆಯಂತೆಯೇ ಮುಚ್ಚುತ್ತದೆ. ಹಾಗಾಗಿ ನೀರು ಒಡೆದಾಗ ಹೊಕ್ಕುಳಬಳ್ಳಿ ಜಾರಿ ಕೆಳಗೆ ಬರುವ ಸಂಭವ ಕಡಿಮೆ, ಇನ್ನೂರರಲ್ಲಿ ಒಂದರ ಆಸುಪಾಸು. ಫುಟ್ಲಿಂಗಿನಲ್ಲಿ ಪಾದಗಳ ಸುತ್ತ ಜಾಗ ತೆರೆದೇ ಇರುತ್ತದೆ, ಅಪಾಯ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಡ್ಡ ಮಲಗಿದ ಮಗುವಿನಲ್ಲೂ ಹಾಗೆಯೇ. ನೀರು ಹೋದರೆ ಯಾರು ಎಷ್ಟು ಬೇಗ ಓಡಬೇಕು ಎಂಬುದು ಇಲ್ಲಿಂದಲೇ ತೀರ್ಮಾನವಾಗುತ್ತದೆ.

ರಿಪೋರ್ಟಿನಲ್ಲಿ ಇನ್ನು ನಾಲ್ಕು ವಿಷಯ ಗುರುತು ಹಾಕಿಕೊಳ್ಳಿ: ಪ್ಲಸೆಂಟಾ (ಮಾಸು) ಎಲ್ಲಿ ಕೂತಿದೆ, ಗರ್ಭಜಲ ಎಷ್ಟಿದೆ (ಎಎಫ್‌ಐ ಎಂದು ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ, 5ಕ್ಕಿಂತ ಕಡಿಮೆ ಇದ್ದರೆ ನೀರು ಕಡಿಮೆ ಎನ್ನುತ್ತಾರೆ), ಮಗುವಿನ ಅಂದಾಜು ತೂಕ ಎಷ್ಟು, ಕುತ್ತಿಗೆ ಎದೆಯ ಕಡೆ ಬಾಗಿದೆಯೋ ಹಿಂದಕ್ಕೆ ಚಾಚಿದೆಯೋ. ಕೊನೆಯದನ್ನು ಬರೆಯದೆ ಬಿಟ್ಟಿದ್ದರೆ ಕೇಳಿ ತಿಳಿದುಕೊಳ್ಳಿ. ಸಹಜ ಹೆರಿಗೆಯ ಮಾತು ಬಂದಾಗ ಅದು ಬೇಕೇ ಬೇಕು.

ವಾರದ ಲೆಕ್ಕವನ್ನು ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿನ ದಿನಾಂಕದೊಂದಿಗೆ ತಾಳೆ ನೋಡಿ. ಮುಟ್ಟಿನ ದಿನ ನೆನಪು ತಪ್ಪಿ ಹತ್ತು ದಿನ ಹೆಚ್ಚುಕಡಿಮೆಯಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಯಾಕೆ ತಿರುಗಲಿಲ್ಲ?

ಬಹುತೇಕರಲ್ಲಿ ಕಾರಣವೇ ಸಿಗುವುದಿಲ್ಲ. ಸಿಕ್ಕರೆ ಇವುಗಳಲ್ಲಿ ಒಂದು: ಗರ್ಭಕೋಶದ ಆಕಾರದಲ್ಲಿ ಹುಟ್ಟಿನಿಂದಲೇ ಇರುವ ವ್ಯತ್ಯಾಸ, ಕೆಳಭಾಗದಲ್ಲಿ ಫೈಬ್ರಾಯ್ಡ್ ಗಡ್ಡೆ, ಬಾಯಿಗೆ ಅಡ್ಡ ಕೂತ ಪ್ಲಸೆಂಟಾ, ನೀರು ತೀರಾ ಕಡಿಮೆ ಅಥವಾ ತೀರಾ ಹೆಚ್ಚು, ಅವಳಿ, ಹಿಂದಿನ ಹೆರಿಗೆಗಳಿಂದ ಸಡಿಲವಾದ ಹೊಟ್ಟೆಯ ಸ್ನಾಯು, ಅಪರೂಪಕ್ಕೆ ಮಗುವಿನದ್ದೇ ತೊಂದರೆ. ತಾಯಿ ಎಡಕ್ಕೆ ಮಲಗಲಿಲ್ಲ, ಮೆಟ್ಟಿಲು ಹತ್ತಿದಳು, ಗ್ರಹಣದ ದಿನ ಹೊರಗೆ ಬಂದಳು ಎಂಬುದು ಯಾವುದೂ ಕಾರಣವಲ್ಲ. ಬಸುರಿಯ ಮೇಲೆ ತಪ್ಪು ಹೊರಿಸುವ ಮಾತು ಮನೆಯಲ್ಲಿ ಶುರುವಾದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ.

32ರಿಂದ 35ನೇ ವಾರ: ಮಾಡಬಹುದಾದದ್ದು, ಮಾಡಬಾರದ್ದು

ಮೊಣಕಾಲು ಮತ್ತು ಎದೆ ನೆಲಕ್ಕೆ ತಾಗಿಸಿ, ಕುಂಡೆ ಎತ್ತಿ ಹದಿನೈದು ನಿಮಿಷ ಇರುವ ಭಂಗಿಯನ್ನು ಹಲವರು ಹೇಳಿಕೊಡುತ್ತಾರೆ. ಅದರಿಂದ ಮಗು ತಿರುಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಬಿಪಿ ಹೆಚ್ಚಿಲ್ಲದಿದ್ದರೆ, ತಲೆ ಸುತ್ತದಿದ್ದರೆ, ಡಾಕ್ಟರು ಬೇಡ ಎಂದಿರದಿದ್ದರೆ ಮಾಡಿದರೆ ತೊಂದರೆಯೂ ಇಲ್ಲ. ಊಟವಾದ ತಕ್ಷಣ ಬೇಡ, ಎದೆಯುರಿ ಬರುತ್ತದೆ. ಇದೊಂದನ್ನೇ ನಂಬಿ 37ನೇ ವಾರ ದಾಟಿಸಬೇಡಿ ಎಂಬುದಷ್ಟೇ ನಮ್ಮ ಕಳಕಳಿ.

ಮಾಡಲೇಬಾರದ್ದು ಒಂದಿದೆ: ಮನೆಯಲ್ಲಿ ಎಣ್ಣೆ ಹಚ್ಚಿ ಹೊಟ್ಟೆ ನೀವಿ ಮಗುವನ್ನು ತಿರುಗಿಸಲು ಹೋಗುವುದು. ಹಳೆಯ ಸೂಲಗಿತ್ತಿಯರ ಕೈಗುಣದ ಬಗ್ಗೆ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇವೆ. ಒತ್ತುವಾಗ ಪ್ಲಸೆಂಟಾ ಗೋಡೆಯಿಂದ ಬಿಟ್ಟುಕೊಳ್ಳಬಹುದು, ಮಗುವಿನ ಹೃದಯಬಡಿತ ಕುಸಿಯಬಹುದು. ಆಸ್ಪತ್ರೆಯಲ್ಲಿ ಅದು ಕೂಡಲೇ ಮಾನಿಟರಿನಲ್ಲಿ ಕಾಣುತ್ತದೆ, ಪಕ್ಕದಲ್ಲೇ ಆಪರೇಷನ್ ಥಿಯೇಟರ್ ಇರುತ್ತದೆ. ಮನೆಯಲ್ಲಿ ಎರಡೂ ಇಲ್ಲ.

ಈ ವಾರಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸಗಳು ಬೇರೆ. ಒಂದು, ಹಿಮೋಗ್ಲೋಬಿನ್ ಪರೀಕ್ಷೆ. 11ಕ್ಕಿಂತ ಕಡಿಮೆ ಇದ್ದರೆ ಈಗಲೇ ಮಾತ್ರೆ, ಬೇಕಾದರೆ ಡ್ರಿಪ್ ಮೂಲಕ ಕಬ್ಬಿಣಾಂಶ ಕೊಡಿಸಿ ಏರಿಸಲು ಸಮಯವಿದೆ. 38ನೇ ವಾರದಲ್ಲಿ ಗೊತ್ತಾದರೆ ಇರುವುದಿಲ್ಲ. ಎರಡು, ರಕ್ತದ ಗುಂಪು. ನಿಮ್ಮದು ನೆಗೆಟಿವ್ ಆಗಿದ್ದರೆ ತಾಯಿ ಕಾರ್ಡಿನ ಮೇಲೂ ಫೈಲಿನ ಮೇಲೂ ದೊಡ್ಡದಾಗಿ ಬರೆಸಿ. ಮೂರು, ಆಸ್ಪತ್ರೆಯ ಆಯ್ಕೆ.

ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೀಮಂತ ಮುಗಿಸಿ ಬೆಂಗಳೂರಿನಿಂದ ತವರಿಗೆ ಹೋಗುವವರು ಬಹಳ. ತಲೆ ಕೆಳಗಿದ್ದರೆ ಅದು ಒಂದು ಮಾತು. ಮಗು ಬ್ರೀಚ್ ಅಥವಾ ಅಡ್ಡ ಇದ್ದರೆ, ರಾತ್ರಿ ಎರಡು ಗಂಟೆಗೂ ಸಿಸೇರಿಯನ್ ಮಾಡಬಲ್ಲ ಆಸ್ಪತ್ರೆ ತವರೂರಿನಿಂದ ಎಷ್ಟು ದೂರ ಎಂದು ನೋಡದೆ ಹೊರಡಬೇಡಿ. ಬೆಂಗಳೂರಿನಲ್ಲೇ ಉಳಿಯುವವರು ಆಸ್ಪತ್ರೆಗೆ ಇರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್. ಪುರದ ಕಡೆಯಿಂದ ಹೊರಟರೆ ಎಷ್ಟು ಹೊತ್ತಾಗುತ್ತದೆ ಎಂದು ಒಮ್ಮೆ ಹೋಗಿ ನೋಡಿ. ನಿಮ್ಮ ಡಾಕ್ಟರು ನಗರದ ಆ ಕಡೆ ಇದ್ದರೆ, ತುರ್ತಿಗೆ ಮನೆ ಹತ್ತಿರದ ಇನ್ನೊಂದು ಆಸ್ಪತ್ರೆ ಗುರುತಿಸಿ ಅಲ್ಲೂ ಫೈಲ್ ತೋರಿಸಿಡಿ.

ಚಿಕ್ಕ ನರ್ಸಿಂಗ್ ಹೋಮಾದರೆ ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳು: ಅರಿವಳಿಕೆ ಡಾಕ್ಟರು ಇಲ್ಲೇ ಇರುತ್ತಾರೋ, ಫೋನ್ ಮಾಡಿ ಕರೆಸಬೇಕೋ? ರಾತ್ರಿ ಬರಲು ಎಷ್ಟು ನಿಮಿಷ? ಮಕ್ಕಳ ಡಾಕ್ಟರು? ರಕ್ತ ಎಲ್ಲಿಂದ ತರಿಸುತ್ತೀರಿ? ದಿನ ತುಂಬುವ ಮೊದಲೇ ನೋವು ಬಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಇದೆಯೇ?

ಸರ್ಕಾರಿ ವ್ಯವಸ್ಥೆಯಲ್ಲಿ ತೋರಿಸುವವರಿಗೆ ಪ್ರತಿ ತಿಂಗಳ 9ನೇ ತಾರೀಕು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ. ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರಿಗೆ ತಲೆ ಮೇಲಿದೆ ಎಂದು ಅನುಮಾನ ಬಂದರೆ ವಾಣಿ ವಿಲಾಸ, ಘೋಷಾ, ಕೆ.ಸಿ. ಜನರಲ್, ಜಯನಗರ ಜನರಲ್‌ನಂಥ ದೊಡ್ಡ ಆಸ್ಪತ್ರೆಗೆ ಬರೆದುಕೊಡಲು ಕೇಳಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾತ್ರವಲ್ಲ, ಸಿಸೇರಿಯನ್ನೂ ಉಚಿತ. ಬಡಾವಣೆಯ ಆಶಾ ಕಾರ್ಯಕರ್ತೆಗೆ ‘ಮಗು ಬ್ರೀಚ್ ಇದೆ’ ಎಂದು ತಿಳಿಸಿಡಿ.

ನೀವೇ ಗಮನಿಸಬಹುದಾದ ಸೂಚನೆಯೂ ಇದೆ. ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ, ಮೆಲ್ಲಗೆ ತಳ್ಳಿದರೆ ಅಲುಗುವಂಥದ್ದು ಸಿಗುತ್ತಿದ್ದು, ಒದೆತ ಮೂತ್ರಕೋಶದ ಕಡೆ ಬೀಳುತ್ತಿದ್ದರೆ ತಲೆ ಮೇಲಿರಬಹುದು. ಖಚಿತವಾಗುವುದು ಮಾತ್ರ ಸ್ಕ್ಯಾನಿನಲ್ಲೇ.

36–37ನೇ ವಾರ: ಇಸಿವಿ

ಹೊಟ್ಟೆಯ ಹೊರಗಿನಿಂದ ಮಗುವನ್ನು ತಿರುಗಿಸುವ ಕ್ರಮಕ್ಕೆ ಡಾಕ್ಟರುಗಳು ಇಸಿವಿ ಎನ್ನುತ್ತಾರೆ. ಮೊದಲ ಬಸಿರಾದರೆ 36ನೇ ವಾರದಿಂದ, ಮೊದಲೇ ಹೆತ್ತವರಿಗೆ 37ರಿಂದ ಮಾಡುವುದು ರೂಢಿ. ಎಲ್ಲರಿಗೂ 37 ತುಂಬಿದ ಮೇಲೆಯೇ ಮಾಡುವವರೂ ಇದ್ದಾರೆ. ಅದಕ್ಕಿಂತ ಮೊದಲು ಯಾಕಿಲ್ಲ? ಮಗು ತಾನಾಗಿ ತಿರುಗುವ ಸಾಧ್ಯತೆ ಇನ್ನೂ ಇರುತ್ತದೆ, ತಿರುಗಿಸಿದ್ದು ಮತ್ತೆ ಹಿಂದಕ್ಕೆ ಹೋಗಬಹುದು, ಏನಾದರೂ ತೊಂದರೆಯಾಗಿ ತಕ್ಷಣ ಹೊರತೆಗೆಯಬೇಕಾಗಿ ಬಂದರೆ ದಿನ ತುಂಬದ ಮಗುವಾಗುತ್ತದೆ. ತಡವಾದರೆ ನೀರು ಕಡಿಮೆಯಾಗಿ, ಮಗು ದೊಡ್ಡದಾಗಿ ತಿರುಗಲು ಜಾಗವಿರುವುದಿಲ್ಲ.

ಒಟ್ಟಾರೆ ಅರ್ಧಕ್ಕರ್ಧ ಜನರಲ್ಲಿ ಇದು ಫಲಿಸುತ್ತದೆ. ಮೊದಲ ಬಸಿರಿನಲ್ಲಿ ನೂರಕ್ಕೆ ನಲವತ್ತರಷ್ಟು, ಮೊದಲೇ ಹೆತ್ತವರಲ್ಲಿ ಅರುವತ್ತರಷ್ಟು. ಹೊಟ್ಟೆ ಮೆತ್ತಗಿದ್ದು, ನೀರು ಸಾಕಷ್ಟಿದ್ದು, ಕುಂಡೆ ಇನ್ನೂ ಕಟಿಯೊಳಗೆ ಇಳಿಯದಿದ್ದರೆ ಸುಲಭ. ಪ್ಲಸೆಂಟಾ ಮುಂಭಾಗದ ಗೋಡೆಯಲ್ಲಿದ್ದರೆ, ಕಾಲುಗಳು ನೇರ ಚಾಚಿದ್ದರೆ ಕಷ್ಟ. ಮಗು ಒಮ್ಮೆ ತಿರುಗಿದರೆ ಮತ್ತೆ ಬ್ರೀಚ್ ಆಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಇಸಿವಿ ಆದ 24 ಗಂಟೆಯೊಳಗೆ ತುರ್ತು ಸಿಸೇರಿಯನ್ ಬೇಕಾಗುವುದು ಸುಮಾರು ಇನ್ನೂರರಲ್ಲಿ ಒಬ್ಬರಿಗೆ. ಅಪಾಯ ಚಿಕ್ಕದು. ಆದರೂ ಅದೊಂದಕ್ಕಾಗಿಯೇ ಥಿಯೇಟರ್ ಸಿದ್ಧವಿಲ್ಲದ ಕಡೆ ಇದನ್ನು ಮಾಡಿಸಿಕೊಳ್ಳಬಾರದು. ನಿಮ್ಮ ಡಾಕ್ಟರು ‘ನಾನು ಮಾಡುವುದಿಲ್ಲ’ ಎಂದರೆ ಅದು ಪ್ರಾಮಾಣಿಕ ಉತ್ತರ; ಅಭ್ಯಾಸವಿಲ್ಲದ ಕೈ ಮಾಡದಿರುವುದೇ ಒಳ್ಳೆಯದು. ‘ಮಾಡುವವರು ಯಾರಿದ್ದಾರೆ, ಬರೆದುಕೊಡಿ’ ಎಂದು ಕೇಳಿ. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ. 35ನೇ ವಾರದಲ್ಲೇ ವಿಚಾರಿಸಿದರೆ 37ರೊಳಗೆ ದಿನ ಸಿಗಬಹುದು.

ಯಾರಿಗೆ ಮಾಡುವುದಿಲ್ಲ? ಪ್ಲಸೆಂಟಾ ಬಾಯಿಗೆ ಅಡ್ಡವಿದ್ದರೆ, ಕಳೆದ ವಾರದೊಳಗೆ ರಕ್ತಸ್ರಾವವಾಗಿದ್ದರೆ, ನೀರು ಒಡೆದಿದ್ದರೆ, ಹೃದಯಬಡಿತದ ಪಟ್ಟಿ ಸರಿಯಿಲ್ಲದಿದ್ದರೆ, ಅವಳಿ ಇದ್ದರೆ, ಬೇರೆ ಕಾರಣಕ್ಕೆ ಹೇಗೂ ಸಿಸೇರಿಯನ್ ಬೇಕೇ ಇದ್ದರೆ. ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ, ಬಿಪಿ ಇದ್ದರೆ, ನೀರು ಕಡಿಮೆ ಇದ್ದರೆ ಡಾಕ್ಟರು ಯೋಚಿಸಿ ಹೇಳುತ್ತಾರೆ.

ಅಂದು ನಡೆಯುವ ಕ್ರಮ ಹೀಗಿರುತ್ತದೆ:

1. ಎಷ್ಟು ಗಂಟೆಯಿಂದ ಏನೂ ತಿನ್ನಬಾರದು ಎಂದು ಹಿಂದಿನ ದಿನವೇ ಕೇಳಿಕೊಳ್ಳಿ, ಒಬ್ಬೊಬ್ಬರ ಕ್ರಮ ಬೇರೆ. ಸಡಿಲ ಉಡುಪು ಹಾಕಿ, ಎಲ್ಲ ರಿಪೋರ್ಟ್ ತೆಗೆದುಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.
2. ಮೊದಲು ಮತ್ತೆ ಸ್ಕ್ಯಾನ್. ಅಷ್ಟರಲ್ಲಿ ಮಗು ತಿರುಗಿರುವುದೂ ಉಂಟು.
3. ಮೂತ್ರಕ್ಕೆ ಹೋಗಿ ಬನ್ನಿ. ಹೊಟ್ಟೆಗೆ ಪಟ್ಟಿ ಕಟ್ಟಿ ಸುಮಾರು ಇಪ್ಪತ್ತು ನಿಮಿಷ ಮಗುವಿನ ಹೃದಯಬಡಿತ ದಾಖಲಿಸುತ್ತಾರೆ.
4. ಗರ್ಭಕೋಶ ಸಡಿಲಿಸಲು ಚುಚ್ಚುಮದ್ದು ಕೊಡುತ್ತಾರೆ, ಹೆಚ್ಚಾಗಿ ಟರ್ಬುಟಲಿನ್ 0.25 ಮಿಲಿಗ್ರಾಂ, ಚರ್ಮದಡಿಗೆ. ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೃದಯದ ಕಾಯಿಲೆಯೋ ಹತೋಟಿಯಲ್ಲಿಲ್ಲದ ಥೈರಾಯ್ಡೋ ಇದ್ದರೆ ಮೊದಲೇ ಹೇಳಿಬಿಡಿ.
5. ಮಂಚದ ಮೇಲೆ ಸ್ವಲ್ಪ ಓರೆಯಾಗಿ ಮಲಗಿಸಿ ಹೊಟ್ಟೆಗೆ ಜೆಲ್ ಅಥವಾ ಪೌಡರ್ ಹಚ್ಚುತ್ತಾರೆ. ಒಂದು ಕೈಯಿಂದ ಕುಂಡೆಯನ್ನು ಕಟಿಯಿಂದ ಮೇಲೆತ್ತಿ, ಇನ್ನೊಂದು ಕೈಯಿಂದ ತಲೆಯನ್ನು ಕೆಳಕ್ಕೆ ಒತ್ತುತ್ತ, ಮಗು ಮುಂದಕ್ಕೆ ಪಲ್ಟಿ ಹೊಡೆಯುವಂತೆ ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ. ನಡುನಡುವೆ ಸ್ಕ್ಯಾನಿನಲ್ಲಿ ಹೃದಯಬಡಿತ ನೋಡುತ್ತಾರೆ. ಸ್ವಲ್ಪ ಹೊತ್ತು ಬಡಿತ ನಿಧಾನವಾಗುವುದು ಸಾಮಾನ್ಯ, ಸರಿಹೋಗದಿದ್ದರೆ ಮುಂದುವರಿಸುವುದಿಲ್ಲ.
6. ಒತ್ತಡ ಗೊತ್ತಾಗುತ್ತದೆ, ಕೆಲವರಿಗೆ ನೋವೂ ಆಗುತ್ತದೆ. ತಡೆಯಲಾಗದಿದ್ದರೆ ‘ನಿಲ್ಲಿಸಿ’ ಎನ್ನಿ. ಹಲ್ಲು ಕಚ್ಚಿ ಸಹಿಸಿದರೆ ಹೊಟ್ಟೆ ಬಿಗಿಯಾಗಿ ಕೆಲಸ ಇನ್ನೂ ಕಷ್ಟವಾಗುತ್ತದೆ.
7. ಆದ ಮೇಲೆ ಮತ್ತೆ ಹೃದಯಬಡಿತದ ದಾಖಲೆ. ರಕ್ತದ ಗುಂಪು ನೆಗೆಟಿವ್ ಇರುವವರಿಗೆ, ಮಗು ತಿರುಗಲಿ ಬಿಡಲಿ, 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು (ಮಗುವಿನ ರಕ್ತದ ವಿರುದ್ಧ ತಾಯಿಯ ಮೈಯಲ್ಲಿ ಪ್ರತಿಕಾಯ ಹುಟ್ಟದಂತೆ ತಡೆಯುವುದು) ಬೇಕು. ಸಾಮಾನ್ಯವಾಗಿ 300 ಮೈಕ್ರೋಗ್ರಾಂ. ಇದನ್ನು ನೀವೇ ನೆನಪಿಸಿ.

ಮನೆಗೆ ಬಂದ ಮೇಲೆ ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಕಲ್ಲಿನಂತಾಗಿ ಬಿಡದೆ ನೋಯುತ್ತಿದ್ದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ವಾಪಸ್ ಹೋಗಿ.

ತಿರುಗದಿದ್ದರೆ: ಸಿಸೇರಿಯನ್ನೋ, ಸಹಜ ಹೆರಿಗೆಯೋ

ಬ್ರೀಚ್ ಹೆರಿಗೆಯ ತೊಡಕು ತಲೆಯಲ್ಲಿದೆ. ಮಾಮೂಲಿ ಹೆರಿಗೆಯಲ್ಲಿ ಮಗುವಿನ ಅತಿ ದೊಡ್ಡ, ಗಟ್ಟಿ ಭಾಗವಾದ ತಲೆ ಮೊದಲು ಬಂದು ದಾರಿ ಬಿಡಿಸುತ್ತದೆ. ಬ್ರೀಚಿನಲ್ಲಿ ಅದು ಕೊನೆಗೆ ಬರುತ್ತದೆ. ಬಾಯಿ ಪೂರ್ತಿ ತೆರೆಯುವ ಮೊದಲೇ ಮೈ ಜಾರಿ ಬಂದು ತಲೆ ಸಿಕ್ಕಿಕೊಂಡರೆ ಹೊಕ್ಕುಳಬಳ್ಳಿ ಒತ್ತಿಹೋಗುತ್ತದೆ, ಉಳಿಯುವುದು ಕೆಲವೇ ನಿಮಿಷ.

2000ನೇ ಇಸವಿಯಲ್ಲಿ ‘ಟರ್ಮ್ ಬ್ರೀಚ್ ಟ್ರಯಲ್’ ಎಂಬ ಅಧ್ಯಯನ ಪ್ರಕಟವಾಯಿತು. 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಆ ಅಧ್ಯಯನದಲ್ಲಿ ಮಗುವಿನ ಸಾವು ಅಥವಾ ಗಂಭೀರ ತೊಂದರೆ ಸಿಸೇರಿಯನ್ ಗುಂಪಿನಲ್ಲಿ ನೂರಕ್ಕೆ 1.6, ಸಹಜ ಹೆರಿಗೆಯ ಗುಂಪಿನಲ್ಲಿ 5 ಇತ್ತು. ಅಲ್ಲಿಂದ ಜಗತ್ತಿನಾದ್ಯಂತ ಬ್ರೀಚಿಗೆ ಸಿಸೇರಿಯನ್ನೇ ಎಂಬಂತಾಯಿತು. ಆಮೇಲೆ ಅಧ್ಯಯನದ ರೀತಿಯ ಬಗ್ಗೆ ಟೀಕೆ ಬಂದವು. ಎರಡು ವರ್ಷದ ನಂತರ ಮಕ್ಕಳನ್ನು ನೋಡಿದಾಗ ಎರಡು ಗುಂಪಿನ ನಡುವೆ ವ್ಯತ್ಯಾಸ ಸಿಗಲಿಲ್ಲ. ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು 2017ರ ಮಾರ್ಗಸೂಚಿಯಲ್ಲಿ ಕೊಟ್ಟ ಅಂದಾಜು ಹೀಗಿದೆ: ಮಗುವಿನ ಸಾವು, 39 ವಾರದ ನಂತರದ ಯೋಜಿತ ಸಿಸೇರಿಯನ್ನಿನಲ್ಲಿ ಸಾವಿರಕ್ಕೆ 0.5, ಯೋಜಿತ ಬ್ರೀಚ್ ಸಹಜ ಹೆರಿಗೆಯಲ್ಲಿ 2, ತಲೆ ಕೆಳಗಿರುವ ಸಹಜ ಹೆರಿಗೆಯಲ್ಲಿ 1.

ಆದರೆ ಈ ಲೆಕ್ಕ ಬ್ರೀಚ್ ಹೆರಿಗೆ ಮಾಡಿಸಿ ಅನುಭವವಿರುವ ಕೈಗಳದ್ದು. ಎರಡು ದಶಕ ಸಿಸೇರಿಯನ್ನೇ ನಡೆದುಬಂದದ್ದರಿಂದ ಆ ಅನುಭವ ಹೊಸಬರಲ್ಲಿ ಕಡಿಮೆಯಾಗಿದೆ. ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ಅನುಭವಿ ಡಾಕ್ಟರು ನೋವು ಶುರುವಾದಾಗಿನಿಂದ ಹತ್ತಿರವಿರುತ್ತೇನೆ ಎಂದು ಒಪ್ಪಿದ್ದರೆ, ಮಗು ಫ್ರ್ಯಾಂಕ್ ಅಥವಾ ಕಂಪ್ಲೀಟ್ ಬ್ರೀಚ್ ಇದ್ದರೆ, ತೂಕ ಎರಡೂವರೆಯಿಂದ ಮೂರೂವರೆ ಕಿಲೋ ನಡುವಿದ್ದು ಕುತ್ತಿಗೆ ಬಾಗಿದ್ದರೆ, ಹಿಂದೆ ಸಿಸೇರಿಯನ್ ಆಗಿರದಿದ್ದರೆ ಮಾತ್ರ ಸಹಜ ಹೆರಿಗೆಯ ಮಾತು. ಇವುಗಳಲ್ಲಿ ಒಂದು ಕೊರತೆಯಾದರೂ ಸಿಸೇರಿಯನ್ ಆರಿಸಿಕೊಳ್ಳಿ. ಅದರಲ್ಲಿ ಸೋಲೇನೂ ಇಲ್ಲ. ಫುಟ್ಲಿಂಗಿಗೆ ಸಿಸೇರಿಯನ್ನೇ ಸೂಕ್ತ. ಅಡ್ಡ ಮಲಗಿಯೇ ಉಳಿದ ಮಗು ಸಹಜವಾಗಿ ಹುಟ್ಟಲಾರದು. ನೋವು ಮುಂದುವರಿದರೆ ಗರ್ಭಕೋಶವೇ ಹರಿಯಬಹುದು. ಅದಕ್ಕೇ 37 ವಾರದ ಮೇಲೂ ಮಗು ಅಡ್ಡ ಇದ್ದರೆ ಕೆಲವು ಡಾಕ್ಟರು ಆಸ್ಪತ್ರೆಯಲ್ಲೇ ಇರಿ ಎನ್ನುತ್ತಾರೆ. ನೋವೇ ಇಲ್ಲವಲ್ಲ ಎಂದು ವಾದಿಸಿ ಮನೆಗೆ ಬರಬೇಡಿ.

ಸಿಸೇರಿಯನ್ ದಿನಾಂಕ 39 ವಾರ ತುಂಬಿದ ಮೇಲಿರಲಿ. ಮುಹೂರ್ತ ಕೂಡಿಬಂತು ಎಂದು 37ಕ್ಕೇ ಎಳೆದರೆ ಮಗುವಿಗೆ ಉಸಿರಾಟದ ತೊಂದರೆಯಾಗಿ ಎನ್‌ಐಸಿಯು ಸೇರುವ ಸಂಭವ ಹೆಚ್ಚು. ಒಳ್ಳೆಯ ಗಳಿಗೆ ಬೇಕೇ ಬೇಕೆಂದರೆ 39 ದಾಟಿದ ಮೇಲೆ, ಹಗಲು ಹೊತ್ತಿನಲ್ಲಿ, ಡಾಕ್ಟರು ಒಪ್ಪಿದ ದಿನದೊಳಗೆ ಹುಡುಕಿಸಿ. ಬಿಪಿ, ಮಗುವಿನ ಬೆಳವಣಿಗೆಯಂಥ ವೈದ್ಯಕೀಯ ಕಾರಣಕ್ಕೆ ಬೇಗ ಮಾಡಬೇಕೆಂದರೆ ಅದು ಬೇರೆ ಮಾತು.

ಆಪರೇಷನ್ ದಿನ ಬೆಳಗ್ಗೆ ಮರೆಯದೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಕೇಳಿ. ಕೊನೆಯ ವಾರದಲ್ಲೂ ತಿರುಗುವ ಮಕ್ಕಳಿದ್ದಾವೆ; ತಿರುಗಿದ್ದರೆ ಬ್ರೀಚ್ ಎಂಬ ಕಾರಣ ಅಲ್ಲಿಗೆ ಮುಗಿಯಿತು.

ಮನೆಯಲ್ಲೇ ನೀರು ಹೋದರೆ

ಬ್ರೀಚ್ ಅಥವಾ ಅಡ್ಡ ಎಂದು ಗೊತ್ತಿರುವವರು ನೋವು ಬರಲಿ ಎಂದು ಕಾಯುವಂತಿಲ್ಲ. ಏನೂ ತಿನ್ನಬೇಡಿ, ಸ್ನಾನಕ್ಕೆ ಹೋಗಬೇಡಿ, ಕೂಡಲೇ ಹೊರಡಿ. ಆಸ್ಪತ್ರೆಗೆ ಫೋನ್ ಮಾಡಿ ‘ಬ್ರೀಚ್, ಇಷ್ಟು ವಾರ, ನೀರು ಹೋಗಿದೆ’ ಎಂದು ಮೂರೇ ಮಾತಿನಲ್ಲಿ ಹೇಳಿ. 34–35 ವಾರಕ್ಕೇ ಹೀಗಾದರೆ ಎನ್‌ಐಸಿಯು ಇರುವ ಕಡೆಗೇ ಹೋಗಬೇಕು.

ಯೋನಿಯಲ್ಲಿ ಅಥವಾ ಹೊರಗೆ ಬಳ್ಳಿ ಕಂಡರೆ, ತಗುಲಿದಂತಾದರೆ:

1. ಕೂಡಲೇ ಮೊಣಕಾಲೂರಿ ಎದೆಯನ್ನು ನೆಲಕ್ಕೆ ತಾಗಿಸಿ ಕುಂಡೆ ಎತ್ತಿ. ಮಗುವಿನ ಭಾರ ಬಳ್ಳಿಯ ಮೇಲೆ ಬೀಳದಿರಲಿ.
2. ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ, ‘ಬಳ್ಳಿ ಹೊರಗೆ ಬಂದಿದೆ’ ಎಂದೇ ಹೇಳಲಿ.
3. ಬಳ್ಳಿಯನ್ನು ಮುಟ್ಟಬೇಡಿ, ಒಳಗೆ ತಳ್ಳಬೇಡಿ. ಮುಟ್ಟಿದರೆ ಅದರ ರಕ್ತನಾಳ ಬಿಗಿದುಕೊಳ್ಳುತ್ತದೆ.
4. ವಾಹನದಲ್ಲಿ ಕೂರಬೇಡಿ. ಎಡಮಗ್ಗುಲಾಗಿ ಮಲಗಿ ಸೊಂಟದಡಿ ಎರಡು ದಿಂಬಿಡಿ.
5. ನಿಮ್ಮದೇ ಆಸ್ಪತ್ರೆ ಎಂದು ನಗರ ದಾಟಬೇಡಿ. ಸಿಸೇರಿಯನ್ ಮಾಡುವ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ.

ಹುಟ್ಟಿದ ಮೇಲೆ ಮಗುವಿನ ಸೊಂಟದ ಕೀಲು

ಎಷ್ಟೋ ಮನೆಗಳಲ್ಲಿ ಮರೆತುಹೋಗುವ ಭಾಗ ಇದು. ಹೇಗೇ ಹುಟ್ಟಲಿ, ಬ್ರೀಚ್ ಇದ್ದ ಮಕ್ಕಳಲ್ಲಿ ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದಿರುವ ತೊಂದರೆ ಹೆಚ್ಚು. ಹುಟ್ಟಿದಾಗ ಮಕ್ಕಳ ಡಾಕ್ಟರು ಕಾಲು ಮಡಚಿ, ಅಗಲಿಸಿ ನೋಡುತ್ತಾರೆ. ಅದರಲ್ಲಿ ಏನೂ ಸಿಗದಿದ್ದರೂ ಸುಮಾರು ಆರು ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸಿ. ಬೇಗ ಸಿಕ್ಕರೆ ಪಟ್ಟಿ ಹಾಕಿ ಕೆಲವು ವಾರಗಳಲ್ಲಿ ಸರಿಪಡಿಸಬಹುದು. ನಡೆಯಲು ಶುರುಮಾಡಿ ಕುಂಟಿದಾಗ ಗೊತ್ತಾದರೆ ಆಪರೇಷನ್ನೇ ಬೇಕಾಗಬಹುದು.

ಫ್ರ್ಯಾಂಕ್ ಬ್ರೀಚ್ ಮಗು ಮೊದಲ ಕೆಲವು ದಿನ ಕಾಲುಗಳನ್ನು ಮುಖದ ಕಡೆ ಎತ್ತಿಕೊಂಡೇ ಮಲಗುತ್ತದೆ. ಅದು ತಾನಾಗಿ ಇಳಿಯುತ್ತದೆ. ಎಣ್ಣೆ ಹಚ್ಚಿ ನೀರೆರೆಯಲು ಬರುವ ಅಜ್ಜಿಗೆ ಮೊದಲ ದಿನವೇ ಹೇಳಿ: ಅಜ್ಜೀ, ಎಣ್ಣೆ ಹಚ್ಚಿ, ಆದರೆ ಕಾಲು ಹಿಡಿದು ಎಳೆಯಬೇಡಿ, ಎರಡೂ ಮೊಣಕಾಲು ಕೂಡಿಸಿ ಒತ್ತಬೇಡಿ. ಬಟ್ಟೆ ಸುತ್ತುವಾಗ ಮೈ ಬೆಚ್ಚಗಿರಲಿ, ಸೊಂಟದ ಕೆಳಗೆ ಮಾತ್ರ ಕಾಲು ಮಡಚಿ ಅಗಲಿಸಿಕೊಳ್ಳುವಷ್ಟು ಸಡಿಲವಿರಲಿ. ಕತ್ತು ನಿಂತ ಮೇಲೆ ಕಾಲು ಅಗಲಿಸಿ ಸೊಂಟದ ಮೇಲೆ ಎತ್ತಿಕೊಳ್ಳುವ ನಮ್ಮ ರೂಢಿ ಕೀಲಿಗೆ ಒಳ್ಳೆಯದೇ.

36ನೇ ವಾರದಲ್ಲಿ ಬ್ರೀಚ್ ಇದ್ದು ಆಮೇಲೆ ಇಸಿವಿಯಿಂದಲೋ ತಾನಾಗಿಯೋ ತಿರುಗಿ ತಲೆ ಮೊದಲಾಗಿ ಹುಟ್ಟಿದ ಮಗುವಿಗೂ ಈ ಸ್ಕ್ಯಾನ್ ಬೇಕು. ಡಿಸ್ಚಾರ್ಜ್ ಹಾಳೆಯಲ್ಲಿ ‘36 ವಾರಕ್ಕೆ ಬ್ರೀಚ್’ ಎಂದು ಬರೆಸಿಕೊಳ್ಳಿ. ಆರನೇ ವಾರದ ಲಸಿಕೆಗೆ ಹೋದ ದಿನವೇ ಆ ಹಾಳೆ ತೋರಿಸಿದರೆ ಸ್ಕ್ಯಾನಿಗೂ ಅಲ್ಲೇ ಬರೆಸಿಕೊಂಡು ಬರಬಹುದು.